ಅಕ್ಕನಿಗೆ ಬಂದ ಜರ್ಮನ್ ಪಿಂಚಣಿ

ಭಾವ ಜರ್ಮನಿಯಲ್ಲಿ ಪಿಂಚಣಿಗೆ ದುಡ್ಡು ಕಟ್ಟಿದ್ದು ನಾಲ್ಕೇ ವರ್ಷ. ಅಲ್ಲಿ ವಿಧವಾ ಪಿಂಚಣಿಗೆ ಸಾಮಾನ್ಯವಾಗಿ 5 ವರ್ಷ ಆಗಿರಬೇಕು. ಅಕ್ಕ ಆಸೆ ಬಿಟ್ಟೇಬಿಟ್ಟಿದ್ದಳು. ಆದರೆ 2017ರ ಮೇ 1ರಿಂದ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ ಅಲ್ವಾ? ಭಾವ ಇಲ್ಲಿ ಪಿಎಫ್ ಪಿಂಚಣಿಗೆ ಕಟ್ಟಿದ ವರ್ಷಗಳನ್ನೂ ಸೇರಿಸಿ ಅರ್ಹತೆ ನೋಡುತ್ತಾರೆ. ಆ ವರ್ಷಗಳಿಗೆ ಜರ್ಮನಿ ಹಣ ಕೊಡುವುದಿಲ್ಲ, ಅಷ್ಟೇ. ಮೊದಲ 3 ತಿಂಗಳು ಭಾವನ ಪಿಂಚಣಿ ಪೂರ್ತಿ, ಆಮೇಲೆ ಅದರ 55 ಪರ್ಸೆಂಟ್.

ಜಾಸ್ತಿ ಸತಾಯಿಸಿದ್ದು ಅಕ್ಕನ ಹೆಸರು. ಮದುವೆ ಪ್ರಮಾಣಪತ್ರದಲ್ಲಿ ಇನಿಷಿಯಲ್ ಬರೀ ‘ಕೆ.’, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇನಿಷಿಯಲ್ ಅಂದರೇನು ಅಂತ ಜರ್ಮನಿಯ ಪಿಂಚಣಿ ಕಚೇರಿಗೆ ಪತ್ರ ಬರೆದು ವಿವರಿಸಬೇಕಾಯಿತು! ಇನ್ನು ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕಳಿಸಬೇಕು. ಮರೆತರೆ ಹಣ ನಿಲ್ಲುತ್ತದೆ. ಈ ವರ್ಷದ್ದು ಕಳಿಸಿ ಆಯಿತು.