ಒಂದು ಕಪ್ ಸಾಫ್ಟಿಗೆ ಎಷ್ಟು ಕ್ಯಾಲರಿ?

“ಮಷೀನಿನಿಂದ ನಾವ ಹಾಕ್ಕೊಳ್ಳೂ ಸಾಫ್ಟಿ, ಫ್ರೋಜನ್ ಯೋಗರ್ಟ್ ಇರ್ತಾವಲ್ರೀ, ಒಂದ್ ಕಪ್ಪಿಗೆ ಎಷ್ಟ್ ಕ್ಯಾಲರಿ ಹಿಡೀಬೇಕ್ರೀ?” ಬೆಳಗಾವಿಯಲ್ಲಿ ಶುಗರ್ ಇರುವವರೂ ಕೇಳುತ್ತಾರೆ, ತೂಕ ಇಳಿಸಲು ಹೊರಟ ಕಾಲೇಜು ಹುಡುಗರೂ ಕೇಳುತ್ತಾರೆ. ಕಪ್ಪಿನ ಲೆಕ್ಕ ಬಿಟ್ಟು ಗ್ರಾಂ ಲೆಕ್ಕ ಹಿಡಿಯಿರಿ ಎಂಬುದೇ ನನ್ನ ಉತ್ತರ.

ಕಪ್ಪನ್ನು ನಂಬಲಾಗದ್ದು ಗಾಳಿಯ ದೆಸೆಯಿಂದ. ಮಷೀನು ಹಾಲಿನ ಮಿಶ್ರಣವನ್ನು ತಣ್ಣಗೆ ಮಾಡುತ್ತಲೇ ಅದರೊಳಕ್ಕೆ ಗಾಳಿ ಸೇರಿಸುತ್ತದೆ. ಸುಮಾರು 1.1 ಕೆ.ಜಿ. ತೂಗುವ ಒಂದು ಲೀಟರ್ ಮಿಶ್ರಣ ಒಂದು ಮಷೀನಿನಲ್ಲಿ 1.4 ಲೀಟರ್ ಆಗಿ ಉಬ್ಬಿದರೆ, ಗಾಳಿ ತುಂಬುವ ಪಂಪ್ ಇರುವ ಇನ್ನೊಂದರಲ್ಲಿ 1.8 ಲೀಟರ್ ಆಗಬಹುದು. ಆಗ 200 ಮಿ.ಲೀ. ಕಪ್ ಮೊದಲನೆಯದರಲ್ಲಿ 157 ಗ್ರಾಂ, ಎರಡನೆಯದರಲ್ಲಿ 122 ಗ್ರಾಂ. ನೂರು ಗ್ರಾಂಗೆ 150 ಕ್ಯಾಲರಿ ಎಂದುಕೊಂಡರೂ ಒಂದು ಕಪ್ 236, ಇನ್ನೊಂದು 183. ಕಣ್ಣಿಗೆ ಎರಡೂ ಒಂದೇ.

ಇನ್ನು ಆ ನೂರು ಗ್ರಾಂಗೆ ಎಷ್ಟು ಎಂಬ ಅಂಕಿ. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಅಂಗಡಿಗಳು ಮೆನುವಿನಲ್ಲಿ ಕ್ಯಾಲರಿ ಬರೆಯಲೇಬೇಕೆಂಬ ನಿಯಮ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನದು. ಅದು ಒಂದು ಸರ್ವಿಂಗ್‌ಗೆ ಕೊಟ್ಟ ಅಂಕಿ. ಸರ್ವಿಂಗ್ ಎಂದರೆ ಎಷ್ಟು ಗ್ರಾಂ ಎಂದು ಪಕ್ಕದಲ್ಲೇ ನೋಡಿ. ಒಂದೇ ಅಂಗಡಿಯ ಮಾಲೀಕರಾದರೆ ಮಿಶ್ರಣದ ಪುಡಿಯ ಪ್ಯಾಕೆಟ್ ತೋರಿಸಲು ಕೇಳಿ. ಎಡವುವುದು ಇಲ್ಲೇ: ಪ್ಯಾಕೆಟ್ ಮೇಲಿನ ಅಂಕಿ ಒಣ ಪುಡಿಯದು. ನೂರು ಗ್ರಾಂಗೆ 400 ಕ್ಯಾಲರಿಯ ಒಂದು ಕೆ.ಜಿ. ಪುಡಿಯನ್ನು ಎರಡೂವರೆ ಲೀಟರ್ ನೀರಿನಲ್ಲಿ ಕಲಸಿದರೆ ನೂರು ಗ್ರಾಂ ಸಾಫ್ಟಿಗೆ ಸುಮಾರು 114 ಬೀಳುತ್ತದೆ. ಅಷ್ಟೇ ಟೋನ್ಡ್ ಹಾಲಿನಲ್ಲಿ ಕಲಸಿದರೆ 154. ನಮ್ಮ ಕಡೆ ಎಮ್ಮೆ ಹಾಲು ಹಾಕುವವರೂ ಇದ್ದಾರೆ, ಅದು ಇನ್ನೂ ಮೇಲೆ. ಆದ್ದರಿಂದ “ಯಾವುದರಾಗ ಕಲಸ್ತೀರಿ ಅಣ್ಣಾ?” ಎಂದು ಕೇಳದೆ ಲೆಕ್ಕ ಮುಗಿಯದು. ‘ಶುಗರ್ ಫ್ರೀ’ ಬೋರ್ಡಿಗೆ ಮರುಳಾಗಬೇಡಿ, ಕೊಬ್ಬಿನ ಗ್ರಾಂಗೆ 9 ಕ್ಯಾಲರಿ ಅದರಲ್ಲೂ ಹಾಗೇ ಇರುತ್ತದೆ.

ಒಂದೇ ಸಲ ತೂಗಿ ಬಿಡಬೇಡಿ. ಗ್ರಾಂ ಲೆಕ್ಕದಲ್ಲಿ ಬಿಲ್ ಮಾಡುವ ಗಲ್ಲಾದ ತಕ್ಕಡಿ ಒಟ್ಟು ತೂಕ ಮಾತ್ರ ಹೇಳುತ್ತದೆ, ಅದರಿಂದ ದುಡ್ಡಿನ ಲೆಕ್ಕವಾಗುತ್ತದೆಯೇ ಹೊರತು ಕ್ಯಾಲರಿಯದಲ್ಲ. ಸಾಫ್ಟಿ ತುಂಬಿದ ಕೂಡಲೇ ಒಮ್ಮೆ ಇಡಿ, ಬಳಿಕ ಹಣ್ಣು, ಸಿರಪ್, ಗೋಡಂಬಿಯಂಥ ಒಂದೊಂದು ಟಾಪಿಂಗ್ ಮೇಲೆ ಹಾಕಿದಾಗಲೂ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಗಿರಾಕಿಗಳ ಸಾಲು ಉದ್ದವಿದ್ದರೆ ಪಾರ್ಸೆಲ್ ತನ್ನಿ, ಟಾಪಿಂಗ್ ಬೇರೆ ಬೇರೆ ಡಬ್ಬಿಯಲ್ಲಿ, ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ದಾರಿಯಲ್ಲಿ ಕರಗಿತೆಂದು ಚಿಂತೆ ಬೇಡ: ಗಾಳಿ ಹೋಗಿ ಕುಸಿಯುತ್ತದೆ, ಗ್ರಾಂ ಕಮ್ಮಿಯಾಗುವುದಿಲ್ಲ. ಕಪ್ಪಿನಲ್ಲಿ ಉಳಿಸಿದ್ದನ್ನೂ ತೂಗಿ ಕಳೆಯಿರಿ.

ಟಾಪಿಂಗ್ ಕಟ್ಟೆಯಲ್ಲಿಯೇ ಲೆಕ್ಕ ಕೆಡುವುದು ಹೆಚ್ಚು. ನೂರು ಗ್ರಾಂಗೆ ದಾಳಿಂಬೆ 83, ಒಣದ್ರಾಕ್ಷಿ 300, ಚಾಕೊಲೇಟ್ ಸಿರಪ್ 280, ಗೋಡಂಬಿ 550. ನಮ್ಮ ಬೆಳಗಾವಿಯ ಖೋವಾ ಸಿಹಿ ಕುಂದಾಕ್ಕೆ ಒಂದೇ ಅಂಕಿ ಸಿಗದು, ಮಾಡುವವರ ಕೈಯಂತೆ ಬದಲಾಗುತ್ತದೆ. ಆದರೆ ಖೋವಾ ನೂರು ಗ್ರಾಂಗೆ 400ರ ಮೇಲೆ, ಸಕ್ಕರೆ 400ರ ಹತ್ತಿರ, ಜೊತೆಗೆ ಸ್ವಲ್ಪ ತೇವ. 400 ಹಿಡಿದರೆ ಕಡಿಮೆ ಬರೆದಂತಾಗದು. ಗೋಕಾಕದ ಕರದಂಟು ಪುಡಿ ಮಾಡಿ ಉದುರಿಸಿದರೆ ಅದರ ಬೆಲ್ಲ 380, ಒಣಕೊಬ್ಬರಿ 660, ಗೋಡಂಬಿ 550. ಸರಾಸರಿ 500 ಹಿಡಿಯಿರಿ.

ಒಂದು ಕಪ್ಪನ್ನು ಪೂರ್ತಿ ಲೆಕ್ಕ ಹಾಕೋಣ. ಟೋನ್ಡ್ ಹಾಲಿನಲ್ಲಿ ಕಲಸಿದ, ನೂರು ಗ್ರಾಂಗೆ 154ರ ಸಾಫ್ಟಿ 140 ಗ್ರಾಂ, 216 ಕ್ಯಾಲರಿ. ದಾಳಿಂಬೆ 30 ಗ್ರಾಂ, 25. ಕುಂದಾ 25 ಗ್ರಾಂ, 100. ಸಿರಪ್ 15 ಗ್ರಾಂ, 42. ಗೋಡಂಬಿ 8 ಗ್ರಾಂ, 44. ಒಟ್ಟು 218 ಗ್ರಾಂ, 427 ಕ್ಯಾಲರಿ. ಬಿಲ್ಲಿನ 218 ಗ್ರಾಮನ್ನು ಪೂರಾ ಸಾಫ್ಟಿ ಎಂದು ಬರೆದುಕೊಂಡಿದ್ದರೆ 336 ಬರುತ್ತಿತ್ತು, ಅಂದರೆ 91 ಕಮ್ಮಿ. ಅದೇ 78 ಗ್ರಾಂ ಟಾಪಿಂಗ್ ಬರೀ ದಾಳಿಂಬೆಯಾಗಿದ್ದರೆ ಒಟ್ಟು 281. ಕುಂದಾ ಬೇಡವೆನ್ನಲು ನನಗೂ ಬಾಯಿ ಬರುವುದಿಲ್ಲ; 25 ಗ್ರಾಂ ಬದಲು 10 ಹಾಕಿಕೊಳ್ಳಿ.

ಬಹಳ ಜನ ಬಿಡುವ ಇನ್ನೊಂದು ಬಾಬತ್ತು ವೇಫರ್ ಬಟ್ಟಲು. ಕಾಗದದ ಕಪ್ಪಿನ ತೂಕ ಕಳೆಯುವ ಟೇರ್ ಗುಂಡಿಯನ್ನು ಬಟ್ಟಲಿಗೂ ಒತ್ತಿದರೆ, ತಿನ್ನುವ 20 ಗ್ರಾಂ ಲೆಕ್ಕದಿಂದಲೇ ಮಾಯ. ಗ್ರಾಂಗೆ 4 ಕ್ಯಾಲರಿಯಂತೆ 80. ಬಟ್ಟಲನ್ನು ಮೊದಲು ಖಾಲಿ ತೂಗಿ ಬರೆದಿಟ್ಟುಕೊಂಡು, ಆಮೇಲೆ ಗುಂಡಿ ಒತ್ತಿ.

ಕೊನೆಯ ಮೊತ್ತವನ್ನು ಹತ್ತರ ಲೆಕ್ಕಕ್ಕೆ ತನ್ನಿ: 427ನ್ನು 430 ಎಂದು ಬರೆಯಿರಿ. ಪ್ಯಾಕೆಟ್ ಅಂಕಿಯೇ ಅಂದಾಜು, ಗಲ್ಲಾದ ತಕ್ಕಡಿ ಕೆಲವೆಡೆ ಐದೈದು ಗ್ರಾಂಗೆ ನೆಗೆಯುತ್ತದೆ. ಅದಕ್ಕಿಂತ ಸೂಕ್ಷ್ಮ ಮಾಡಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಸಾಫ್ಟಿಯೂ ನೀರಾಗಿರುತ್ತದೆ.