ಅತ್ತೆಯ ಸೈಕಲ್ಲಿನ ಮೀಟರ್‌ಗೆ ಅಂಕಿಗಳು ವಾಪಸ್ ಬಂದವು

ನಮ್ಮ ಮನೆಯ ಎಕ್ಸರ್‌ಸೈಜ್ ಸೈಕಲ್ಲಿನ ಮೀಟರ್‌ನಲ್ಲಿ 2.8 ಕಿಲೋಮೀಟರ್ ಆದರೂ 2.0 ಎಂದೇ ಕಾಣುತ್ತಿತ್ತು. ಎಂಟರ ನಡುವಿನ ಗೆರೆ ಮಾಯವಾಗಿತ್ತು. ನಿಮಿಷದ ಜಾಗದಲ್ಲಿ ಏಳರ ಮೇಲಿನ ಗೆರೆ ಇಲ್ಲ, ಹಾಗಾಗಿ 17 ಎಂದರೆ 11.

ಇದರಿಂದ ನಿಜವಾಗಿ ಬೇಜಾರಾಗಿದ್ದು ನಮ್ಮ ಅತ್ತೆಗೆ. ಮಂಡಿ ಆಪರೇಷನ್ ಆದಮೇಲೆ ಅವರಿಗೆ ದಿನಾ ಸ್ವಲ್ಪ ಹೊತ್ತು ಸೈಕಲ್ ತುಳಿಯಲು ಹೇಳಿದ್ದಾರೆ. ಬೇಸಿಗೆಯಲ್ಲಾದರೆ ರಸ್ತೆಯಲ್ಲಿ ನಿಧಾನಕ್ಕೆ ನಡೆಯುತ್ತಾರೆ. ಚಿಕ್ಕಮಗಳೂರಿನಲ್ಲಿ ಆರಿದ್ರಾ ಮಳೆ ಹಿಡಿದರೆ ಮುಗಿಯಿತು, ಗೇಟಿನ ಆಚೆ ಕಾಲಿಡುವ ಹಾಗಿಲ್ಲ. ಆಗ ಈ ಸೈಕಲ್ಲೇ ಗತಿ. ತುಳಿದು ಇಳಿದ ತಕ್ಷಣ ಅವರು ಹಾಲಿನ ಲೆಕ್ಕದ ಡೈರಿಯಲ್ಲಿ ಅವತ್ತಿನ ಕಿಲೋಮೀಟರ್ ಬರೆದು, ಹಿಂದಿನದಕ್ಕೆ ಕೂಡಿಸುತ್ತಾರೆ. ಅವರ ತವರು ಬೇಲೂರು. ಇಲ್ಲಿಂದ ಸುಮಾರು 25 ಕಿಲೋಮೀಟರ್. ಡೈರಿಯಲ್ಲಿ ಅಷ್ಟು ಕೂಡಿದ ದಿನ "ಇವತ್ತು ಊರು ಮುಟ್ಟಿದೆ ಕಣಮ್ಮಾ" ಅನ್ನುತ್ತಾರೆ. ಮಾರನೇ ದಿನದಿಂದ ವಾಪಸ್ ಪ್ರಯಾಣ. ಗಡಿಯಾರ ನೋಡಿಕೊಂಡು ತುಳಿಯಿರಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಅಂಗಡಿಯಲ್ಲಿ ಕೇಳಿದೆವು. "ಮೇಡಂ, ಈ ಮಾಡೆಲ್ ಈಗ ಬರ್ತಿಲ್ಲ. ಡಿಸ್‌ಪ್ಲೇ ಹೋಗಿದೆ, ಹೊಸ ಸೈಕಲ್ಲೇ ತಗೊಳ್ಳಿ" ಎಂದರು. ನಮ್ಮ ಮನೆಯವರು ಗುಜರಿಗೆ ಹಾಕೋಣ ಎಂದರು. ಸೈಕಲ್ಲಿನ ಚಕ್ರ, ಬೆಲ್ಟು, ಪೆಡಲು ಎಲ್ಲ ಗಟ್ಟಿಮುಟ್ಟಾಗಿವೆ. ಎರಡು ಗೆರೆ ಕಾಣಿಸುತ್ತಿಲ್ಲ ಎಂದು ಅಷ್ಟು ಕಬ್ಬಿಣವನ್ನು ಎಸೆಯುವುದಕ್ಕೆ ನನಗೆ ಮನಸ್ಸು ಒಪ್ಪಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಡಿಸ್‌ಪ್ಲೇ ಹೋಗಿದೆ ಎಂದು ಹೇಳುವ ಮುಂಚೆ ಹೋಗಿರುವುದು ಯಾವ ಭಾಗ ಎಂದು ನೋಡಬೇಕಲ್ವಾ?

ಮೀಟರ್ ಹೇಗೆ ಕೆಟ್ಟಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಪೂರ್ತಿ ಖಾಲಿಯಾಗಿದ್ದರೆ, ಮಂಕಾಗಿದ್ದರೆ ಮೊದಲು ಸೆಲ್ ನೋಡಿ. ಪೆನ್ಸಿಲ್ ಸೆಲ್ ಒಂದೊಂದೂ 1.5 ವೋಲ್ಟ್, ಎರಡು ಸೇರಿ 3. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಒಂದಕ್ಕೆ 1.2 ಮಾತ್ರ, ಎರಡು ಸೇರಿ 2.4. ಕೆಲವು ಮೀಟರ್‌ಗಳಲ್ಲಿ ಅಂಕಿ ಮಂಕಾಗಲು ಅಷ್ಟೇ ಸಾಕು. ಅಂಕಿಗಳು ಚೆನ್ನಾಗಿ ಕಾಣುತ್ತಿದ್ದು, ಎಷ್ಟು ತುಳಿದರೂ ಸ್ಪೀಡ್ ಸೊನ್ನೆಯಲ್ಲೇ ನಿಂತಿದ್ದರೆ ತೊಂದರೆ ಮೀಟರ್‌ನಲ್ಲಿ ಅಲ್ಲ, ಕೆಳಗೆ. ತಿರುಗುವ ಚಕ್ರಕ್ಕೆ ಒಂದು ಸಣ್ಣ ಅಯಸ್ಕಾಂತ ಅಂಟಿಸಿರುತ್ತಾರೆ. ಅದರ ಎದುರು ರೀಡ್ ಸ್ವಿಚ್, ಅಂದರೆ ಗಾಜಿನ ಕೊಳವೆಯೊಳಗೆ ಎರಡು ತೆಳ್ಳನೆಯ ಲೋಹದ ಎಲೆಗಳು. ಅಯಸ್ಕಾಂತ ಹತ್ತಿರ ಬಂದಾಗ ಎಲೆಗಳು ಅಂಟುತ್ತವೆ, ದಾಟಿದಾಗ ಬಿಡುತ್ತವೆ. ಮೀಟರ್ ಎಣಿಸುವುದು ಇದನ್ನೇ. ಒಂದು ಸುತ್ತಿಗೆ ಇಷ್ಟು ದೂರ ಎಂದು ಮೊದಲೇ ಗೊತ್ತು ಮಾಡಿದ ಲೆಕ್ಕದಿಂದ ಕಿಲೋಮೀಟರ್ ತೋರಿಸುತ್ತದೆ. (ಕ್ಯಾಲೊರಿಯೂ ಅದೇ ಲೆಕ್ಕದ ಮೇಲೇ. ತುಳಿಯುವವರ ತೂಕವನ್ನೇ ಕೇಳದ ಮೀಟರ್ ಹೇಳುವ ಕ್ಯಾಲೊರಿಯನ್ನು ಜಾಸ್ತಿ ನಂಬಬೇಡಿ.) ಕಾಲೇಜಿನ ಲ್ಯಾಬಿನಿಂದ ತಂದ ಮಲ್ಟಿಮೀಟರನ್ನು ರೀಡ್ ಸ್ವಿಚ್ಚಿನಿಂದ ಮೇಲೆ ಬರುವ ವೈರಿನ ಪಿನ್ನಿಗೆ ಹಿಡಿದು, ಸಂಪರ್ಕ ಕೂಡಿದರೆ ಬೀಪ್ ಆಗುವ ಜಾಗಕ್ಕೆ ತಿರುಗಿಸಿ ಚಕ್ರವನ್ನು ಕೈಯಿಂದ ಉರುಳಿಸಿದೆ. ಪ್ರತಿ ಸುತ್ತಿಗೂ ಬೀಪ್ ಬಂತು. ಅಲ್ಲಿಗೆ ಕೆಳಗಿನದೆಲ್ಲ ಸರಿ ಇದೆ ಎಂದಾಯಿತು.

ನಮ್ಮದು ಮೂರನೇ ಬಗೆ. ಅಂಕಿ ಬರುತ್ತದೆ, ಆದರೆ ತುಂಡುತುಂಡಾಗಿ. ಮೀಟರ್ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಎಂಟರ ನಡುಗೆರೆ ಮೂಡುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಅದನ್ನು ನೋಡಿದಾಗ ನನಗೆ ಬಹಳ ಖುಷಿಯಾಯಿತು. ಒತ್ತಿದರೆ ಬರುತ್ತದೆ ಎಂದರೆ ಗಾಜು ಸತ್ತಿಲ್ಲ, ಸಂಪರ್ಕ ಮಾತ್ರ ತಪ್ಪಿದೆ.

ಅಂಕಿ ಮೂಡುವ ಆ ಗಾಜೇ ಎಲ್‌ಸಿಡಿ. ಎಲ್‌ಸಿಡಿ ಎಂದರೆ ಎರಡು ಗಾಜಿನ ನಡುವೆ ಲಿಕ್ವಿಡ್ ಕ್ರಿಸ್ಟಲ್‌ನ, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಸಾಲುಗಟ್ಟಿರುವ ವಸ್ತುವಿನ, ತೆಳುವಾದ ಪದರ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್ ಗಮನಿಸಿದ ವಸ್ತು ಇದು. ಈ ವಿದ್ಯೆಯಲ್ಲಿ ನಮ್ಮವರ ಪಾಲೂ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದ್ದ ಎಸ್. ಚಂದ್ರಶೇಖರ್, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಮ್ಮ ಜೊತೆಗಾರರೊಂದಿಗೆ 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಲೂ ಲಿಕ್ವಿಡ್ ಕ್ರಿಸ್ಟಲ್ ಆಗುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಂಥ ಉದ್ದನೆಯ ಅಣುಗಳದ್ದು ಮಾತ್ರ ಗೊತ್ತಿತ್ತು. ಪಾಠದಲ್ಲಿ ಈ ಹೆಸರು ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆ.

ಇರಲಿ. ಆ ಗಾಜಿಗೆ ವೈರ್ ಬೆಸುಗೆ ಹಾಕಲು ಬರುವುದಿಲ್ಲ. ಅದಕ್ಕೇ ಗಾಜಿಗೂ ಸರ್ಕ್ಯೂಟ್ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇಟ್ಟಿರುತ್ತಾರೆ. ಕರೆಂಟ್ ಹರಿಯುವ ಕಪ್ಪು ರಬ್ಬರ್, ಹರಿಯದ ರಬ್ಬರ್, ಮತ್ತೆ ಕಪ್ಪು, ಹೀಗೆ ಪದರದ ಮೇಲೆ ಪದರ. ಜೀಬ್ರಾ ಪಟ್ಟಿ ಎನ್ನುತ್ತಾರೆ. ಹಳೇ ಕ್ಯಾಲ್ಕುಲೇಟರ್ ಬಿಚ್ಚಿದವರು ನೋಡಿರುತ್ತೀರಿ. ಸ್ಕ್ರೂಗಳ ಬಿಗಿಯಿಂದಲೇ ಅದು ಎರಡೂ ಕಡೆ ಅಂಟಿಕೊಂಡಿರಬೇಕು. ನಮ್ಮೂರಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತದೆ, ಈ ಪಟ್ಟಿಯನ್ನು ಬಿಡುತ್ತದೆಯೇ? ಥಂಡಿ, ಧೂಳು ಸೇರಿ ತೆಳುವಾದ ಪೊರೆ ಕಟ್ಟಿದರೆ ಸಾಕು. ಒಂದೊಂದು ಸಂಪರ್ಕಕ್ಕೂ ಬೇರೆ ಬೇರೆ ಅಂಕಿಗಳ ಗೆರೆಗಳು ಸೇರಿರುವುದರಿಂದ ಒಂದು ಕಡೆ ತಪ್ಪಿದರೆ ಎರಡು ಮೂರು ಕಡೆ ಗೆರೆ ಕಾಣೆಯಾಗುತ್ತದೆ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಹಳೇ ಬಿಳಿ ಪಂಚೆ ಹಾಸಿಕೊಂಡು ಕೂತೆ. ಬಿಳಿ ಬಟ್ಟೆ ಯಾಕೆಂದರೆ ಸ್ಕ್ರೂ ಬಿದ್ದರೆ ಕಾಣುತ್ತದೆ. ಅತ್ತೆ ಎದುರಿಗೇ ಕುರ್ಚಿ ಎಳೆದುಕೊಂಡು, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆಯಾಗಿ ಹಾಕಿಟ್ಟರು. ಹೊರಗಿನವು ಒಂದು ಗುಳಿ, ಬೋರ್ಡಿನವು ಒಂದು ಗುಳಿ. ತುಂಬ ಅನುಕೂಲವಾಯಿತು.

ಮೊದಲು ಸೆಲ್ ಕೂರುವ ಜಾಗ. ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು, ಮೇಲೆ ಬಿಳಿ ಪುಡಿ. ಸೆಲ್ ಮೇಲೆ ಆಲ್ಕಲೈನ್ ಎಂದು ಬರೆದಿದ್ದರೆ ಸೋರಿರುವುದು ಕ್ಷಾರ, ಅದಕ್ಕೆ ಎರಡು ಹನಿ ನಿಂಬೆರಸ ಅಥವಾ ವಿನೆಗರ್. ಮಾಮೂಲಿ ಅಗ್ಗದ ಸೆಲ್ ಆಗಿದ್ದರೆ ಸೋರುವುದು ಆಮ್ಲ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಹತ್ತಿ ಸುತ್ತಿದ ಕಡ್ಡಿಯಿಂದಲೇ ಹಚ್ಚಿ, ಸುರಿಯಬೇಡಿ. ಬರಿಗೈಯಲ್ಲಿ ಆ ಪುಡಿ ಮುಟ್ಟಬೇಡಿ.

ಆಮೇಲೆ ಬೋರ್ಡ್ ಎತ್ತಿದೆ. ಪಟ್ಟಿ ಗಾಜಿನ ಅಂಚಿನಲ್ಲೇ ಉಳಿಯಿತು. ಯಾವ ಮೈ ಮೇಲಿತ್ತು ಎಂದು ಫೋಟೋ ತೆಗೆದುಕೊಂಡು, ಚಿಮಟದಿಂದ ಎತ್ತಿಟ್ಟೆ. ಬೆರಳಿನ ಎಣ್ಣೆ ತಾಗಿದರೆ ಒರೆಸಿದ್ದೂ ದಂಡ. ಬೋರ್ಡಿನ ಮೇಲೆ ಪಟ್ಟಿ ಕೂರುವ ಕಡೆ ಸಾಲಾಗಿ ಸಣ್ಣ ಗೆರೆಗಳಿದ್ದವು. ಒಂದು ತುದಿಯ ಗೆರೆಗಳು ಮಾತ್ರ ಕಂದಿದ್ದವು, ನಾನು ಹೆಬ್ಬೆರಳು ಒತ್ತುತ್ತಿದ್ದ ತುದಿಯೇ ಅದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದಾಗ ಹೊಳಪು ಬಂತು. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ತಂದಿದ್ದೆ. ಅದನ್ನು ಹತ್ತಿಗೆ ಹಾಕಿ ಬೋರ್ಡ್, ಪಟ್ಟಿಯ ಎರಡೂ ಅಂಚು, ಗಾಜಿನ ಅಂಚು ಒರೆಸಿದೆ. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಮಾತ್ರ ಅದು ತಾಗಬಾರದು. ಅದು ಪೋಲರೈಸರ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ, ಅದಿಲ್ಲದೆ ಅಂಕಿಯೇ ಕಾಣುವುದಿಲ್ಲ.

ಪೂರ್ತಿ ಆರಿದ ಮೇಲೆ ಜೋಡಿಸಿದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದೇ ಕಡೆ ಬಿಗಿದರೆ ಇನ್ನೊಂದು ತುದಿ ಎದ್ದುಕೊಳ್ಳುತ್ತದೆ, ಅತಿಯಾದರೆ ಗಾಜು ಸೀಳುತ್ತದೆ. ಗಾಜಿನೊಳಗೆ ಮಸಿ ಚೆಲ್ಲಿದಂತೆ ಕಪ್ಪು ಕಲೆ ಹರಡಿದ್ದರೆ ಅದು ಸೀಳಿದೆ ಎಂದೇ ಅರ್ಥ. ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಬೇರೆ ಮೀಟರ್ ಹುಡುಕಬೇಕು.

ಹೊಸ ಸೆಲ್ ಹಾಕಿದ ತಕ್ಷಣ ಒಂದು ಕ್ಷಣ ಎಲ್ಲ ಅಂಕಿಗಳೂ ಎಂಟಾಗಿ ಬೆಳಗಿದವು. ಒಂದು ಗೆರೆಯೂ ಬಾಕಿ ಇರಲಿಲ್ಲ. "ಅತ್ತೆ, ಹತ್ತಿ ನೋಡಿ" ಎಂದೆ. ಅವರು ಡೈರಿ ತರಲು ಒಳಗೆ ಹೋದರು. ಅಂಕಿ ಕೆಟ್ಟಿದ್ದ ದಿನಗಳ ಲೆಕ್ಕವನ್ನು ಪೂರ್ತಿ ಹೊಡೆದುಹಾಕಿ, ಬೇಲೂರಿನ ದಾರಿಯನ್ನು ಮೊದಲಿನಿಂದ ಶುರು ಮಾಡಿದರು. ಅಂದಾಜಿನ ಮೇಲೆ ಸೇರಿಸಿಕೊಳ್ಳಿ ಎಂದರೂ ಕೇಳಲಿಲ್ಲ. ಅದು ಸರಿಯೇ ಅನ್ನಿಸಿತು.

ಈಗ ಮೀಟರ್ ಮೇಲೆ ಸುಮ್ನೆ ಒಂದು ಬಟ್ಟೆ ಹೊದಿಸಿಡುತ್ತೇವೆ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಅದರ ಹಿಂದೆ ಕಟ್ಟಿದ್ದೇನೆ. ಬೇಸಿಗೆಯಲ್ಲಿ ಅತ್ತೆ ಹೊರಗೆ ನಡೆಯಲು ಶುರು ಮಾಡಿದರೆ ಸೆಲ್ ತೆಗೆದಿಡುವುದು ಎಂದು ಮಾತಾಗಿದೆ. ಹ್ಯಾಂಡಲ್ ಹಿಡಿದರೆ ನಾಡಿ ಬಡಿತ ತೋರಿಸುವ ಭಾಗ ಇನ್ನೂ ಕೆಲಸ ಮಾಡುತ್ತಿಲ್ಲ. ವೈರ್ ಪೈಪಿನೊಳಗೆ ಎಲ್ಲೋ ತುಂಡಾಗಿದೆ, ಮಲ್ಟಿಮೀಟರ್ ಬೀಪ್ ಅನ್ನುವುದಿಲ್ಲ. ಹ್ಯಾಂಡಲ್ ಪೂರ್ತಿ ಬಿಚ್ಚಬೇಕು. ದಸರಾ ರಜೆಯಲ್ಲಿ ಅದಕ್ಕೆ ಕೈ ಹಾಕುತ್ತೇನೆ.