ಮಾಷ್ಟ್ರಿಗೆ ಬೇರೆ ಲೋಟ

ಆಗಸ್ಟ್ 30 ಬಂತೆಂದರೆ ನಮ್ಮ ಅಂಗಳದಲ್ಲಿ ಹೂವು ಉಳಿಯುವುದಿಲ್ಲ. ಪಕ್ಕದ ಮನೆಯ ಮೊಮ್ಮಕ್ಕಳು ಬೆಳಿಗ್ಗೆ ಆರೂವರೆಗೇ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮುಂಚೆ ಒಂಬತ್ತು ದಿನ ಇಗರ್ಜಿಯಲ್ಲಿ ಬಾಲೆ ಮರಿಯಮ್ಮನಿಗೆ ಮಕ್ಕಳು ಹೂ ಹಾಕಬೇಕಲ್ವಾ, ಅದಕ್ಕೆ. ಇದಕ್ಕೆಂದೇ ಅಪ್ಪ ಜೂನ್ ತಿಂಗಳಲ್ಲಿ ಗೌರಿ ಹೂವಿನ ಬೀಜ ಚೆಲ್ಲುತ್ತಿದ್ದರು. ದೇವರ ಕೋಣೆಯೇ ಇಲ್ಲದ ಮನೆಯ ಯಜಮಾನ, ಮಕ್ಕಳಿಗೆ ಹೂ ಸಾಲದೆ ಹೋದರೆ ತಾನೇ ಏಣಿ ಹಾಕಿ ದಾಸವಾಳ ಕೊಯ್ದು ಕೊಡುತ್ತಿದ್ದರು.

ನಮ್ಮದು ಮಂಗಳೂರಿನ ಕುಲಶೇಖರ. ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು, ಊರಿಗೆಲ್ಲ ಮಾಷ್ಟ್ರು. ಪಕ್ಕದ ಮನೆಯ ಹಿರಿಯರನ್ನು ನಾವು ಪೊರ್ಬುಗಳು ಅನ್ನುತ್ತೇವೆ. ಅವರ ಹೆಂಡತಿ ಬಾಯಮ್ಮ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಎರಡು ಮನೆಯ ನಡುವಿನ ಮಾತೂ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಸೆಪ್ಟೆಂಬರ್ 8ರ ಮಧ್ಯಾಹ್ನದ ಊಟ ನಮಗೆ ಅವರ ಮನೆಯಲ್ಲಿ. ಇದು ಯಾವಾಗಿನಿಂದ ಶುರುವಾಯಿತೋ ನನಗೆ ಗೊತ್ತಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಇತ್ತಂತೆ. ಮೀನು ಇಲ್ಲ, ಮಾಂಸ ಇಲ್ಲ, ಬಾಳೆಎಲೆಯ ಊಟ. ಪಲ್ಯ ಪದಾರ್ಥದ ಲೆಕ್ಕ ಬೆಸವೇ ಆಗಬೇಕು. ಐದು, ಏಳು, ಅನುಕೂಲ ಇದ್ದರೆ ಒಂಬತ್ತು. ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿ ಬಾಯಮ್ಮ ಮಾಡುವ ಒಂದು ಪದಾರ್ಥ ಉಂಟು, ಅದರ ಮುಂದೆ ಉಳಿದ ಎಂಟೂ ಸುಮ್ನೆ ಲೆಕ್ಕಕ್ಕೆ.

ಊಟಕ್ಕೆ ಮೊದಲು ಹೊಸ ಅಕ್ಕಿ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಭತ್ತದ ತೆನೆಯನ್ನು ಮನೆಗೆ ತಂದು ಆಲ್ತಾರಿನ, ಅಂದರೆ ದೇವರ ಪೀಠದ, ಹತ್ತಿರ ಇಡುತ್ತಾರೆ. ಅದರ ಕಾಳು ಬಿಡಿಸಿ, ಉಗುರಿನಲ್ಲಿ ಹೊಟ್ಟು ತೆಗೆದು, ಕುಟ್ಟಿ, ವೊರ್ನ್ ಅಂದರೆ ಪಾಯಸಕ್ಕೆ ಬೆರೆಸುತ್ತಾರೆ. ದುಬಾಯಿಯಲ್ಲಿರುವ ಮಗನಿಗೆ ಅಂತ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಬೇರೆ ಇಡುತ್ತಾರೆ. ನಮ್ಮ ತುಳುವರ ಹೊಸ ಅಕ್ಕಿ ಊಟ ಪುದ್ವಾರಿಗೂ ಇದಕ್ಕೂ ಬಹಳ ದೂರ ಇಲ್ಲ. ಪ್ರಾರ್ಥನೆ ಆದ ಮೇಲೆ ಮನೆಯ ಹಿರಿಯರು ಮೊದಲು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಆದರೆ ಕಾಳು ಬೆರೆಸುವ ಮೊದಲು ಪೊರ್ಬುಗಳು ಒಂದು ಕೆಲಸ ಮಾಡುತ್ತಿದ್ದರು. ಒಂದು ಸ್ಟೀಲ್ ಲೋಟಕ್ಕೆ ವೊರ್ನ್ ಬಗ್ಗಿಸಿ ಪಕ್ಕಕ್ಕೆ ಇಡುತ್ತಿದ್ದರು. ಆ ಲೋಟ ಅಪ್ಪನಿಗೆ.

ಚಿಕ್ಕವನಿದ್ದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಬಿಎಸ್ಸಿ ಎರಡನೇ ವರ್ಷದಲ್ಲಿ ಬಂತು. ಆಗ ನನಗೆ ಎಲ್ಲವೂ ಗಮನಕ್ಕೆ ಬರುವ ವಯಸ್ಸು, ಪವಾಡ ಬಯಲು ಮಾಡುವ ಕಾರ್ಯಕ್ರಮಗಳಿಗೆ ಹೋಗಿ ಕೈಯಲ್ಲಿ ಕರ್ಪೂರ ಉರಿಸಲು ಕಲಿತಿದ್ದೆ. ಬೇರೆ ಲೋಟ ಅಂದರೆ ನಮ್ಮ ನಾಡಿನಲ್ಲಿ ಏನರ್ಥ ಅಂತ ಹೇಳಬೇಕಾಗಿಲ್ಲ. ಹೋಟೆಲಿನ ಹೊರಗೆ ಮೊಳೆಗೆ ನೇತು ಹಾಕಿದ ಲೋಟದ ಕಥೆಯನ್ನು ಅಪ್ಪನೇ ನನಗೆ ಹೇಳಿದ್ದರು. ಎಲ್ಲರ ಎದುರೇ ಕೇಳಿಬಿಟ್ಟೆ. “ನಮಗೆ ಯಾಕೆ ಬೇರೆ ಲೋಟ? ದೇವರನ್ನು ನಂಬದವರು ಮುಟ್ಟಬಾರದವರಾ?”

ಬಾಯಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವರ ಅಳಿಯ ಒಬ್ಬರು ಮೊಬೈಲ್ ನೋಡತೊಡಗಿದರು. ಅಪ್ಪ ಎಲೆಯ ಮೇಲಿನ ಉಪ್ಪನ್ನೇ ನೋಡುತ್ತಿದ್ದರು.

ಪೊರ್ಬುಗಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. “ಇದಕ್ಕೆ ಪ್ರಾರ್ಥನೆ ಆಗಿಲ್ಲ ಮಗಾ,” ಅಂದರು ಲೋಟ ತೋರಿಸಿ. “ಪಾತ್ರೆಯದ್ದಕ್ಕೆ ಆಶೀರ್ವಾದದ ಕಾಳು ಬೀಳ್ತದೆ. ಮಾಷ್ಟ್ರು ನಂಬುವುದಿಲ್ಲ. ಅವರಿಗೆ ಗೊತ್ತಿಲ್ಲದ ಹಾಗೆ ಅವರ ಬಾಯಿಗೆ ನಮ್ಮ ದೇವರನ್ನು ಹಾಕಿದರೆ ಅದು ಮೋಸ ಅಲ್ವಾ?”

ನಾನು ಮತ್ತೆ ಮಾತಾಡಲಿಲ್ಲ. ಆ ದಿನದ ಅಮಟೆಕಾಯಿ ಪದಾರ್ಥದ ರುಚಿಯೂ ನೆನಪಿಲ್ಲ.

ರಾತ್ರಿ ಜಗಲಿಯಲ್ಲಿ ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ನನಗೆ ಅಕ್ಕಿ ಅಂದರೆ ಅಕ್ಕಿಯೇ. ಕಾಳು ಹಾಕಿದ್ದು ಕೊಟ್ಟರೂ ಕುಡಿಯುತ್ತಿದ್ದೆ,” ಅಂದರು. ಹಾಗಾದರೆ ಪೊರ್ಬುಗಳಿಗೆ ಹೇಳಬಹುದಿತ್ತಲ್ಲ ಅಂದೆ. “ಅವರಿಗೆ ಅದು ಸುಮ್ನೆ ಅಕ್ಕಿ ಅಲ್ಲ ಮಾರಾಯ. ನನಗೆ ಎರಡೂ ಒಂದೇ ಅಂದರೆ ಅವರದ್ದಕ್ಕೆ ಬೆಲೆ ಇಲ್ಲ ಅಂದ ಹಾಗಾಗ್ತದೆ. ಈ ಮಾತು ನೀನೂ ಹೇಳಬೇಡ.” ಇಷ್ಟು ವರ್ಷ ಹೇಳಿರಲಿಲ್ಲ. ಈಗ ಬರೆದೆ.

ಹಾಗಂತ ಇಬ್ಬರೂ ಬಾಯಿಗೆ ಬೀಗ ಹಾಕಿ ಕೂತವರಲ್ಲ. ಸಂಜೆ ಕಟ್ಟೆಯ ಮೇಲೆ ದಿನಾ ಜಗಳ. ಅಪ್ಪನಿಗೆ ಡಾಕ್ಟರ್ ಅಬ್ರಹಾಂ ಕೋವೂರರ ಮೇಲೆ ಭಾರೀ ಅಭಿಮಾನ. ಶ್ರೀಲಂಕಾದಲ್ಲಿ ನೆಲೆಸಿ, ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಅಂತ ಪಂಥ ಕಟ್ಟಿದವರು. 1978ರಲ್ಲಿ ತೀರಿಹೋಗುವವರೆಗೂ ಆ ದುಡ್ಡು ಯಾರಿಗೂ ಸಿಗಲಿಲ್ಲ. ಕೋವೂರರು ಕೇರಳದ ತಿರುವಲ್ಲದ ಒಬ್ಬ ಪಾದ್ರಿಯ ಮಗ ಅಂತ ಅಪ್ಪ ಹೇಳಿದ ದಿನ ಪೊರ್ಬುಗಳು ಕಟ್ಟೆಯಿಂದ ಎದ್ದೇ ನಿಂತರು. “ಪಾದ್ರಿಗೆ ಮಗನಾ? ಹಾಗಾದರೆ ಹಾಳಾಗದೆ ಎಂತ ಆಗ್ತಾನೆ!” ಮಾರ್ತೋಮಾ ಸಭೆಯಲ್ಲಿ ಪಾದ್ರಿಗಳು ಮದುವೆ ಆಗಬಹುದು ಅಂತ ಅಪ್ಪ ವಿವರಿಸಿ ಮುಗಿಸುವಾಗ ಬಾಯಮ್ಮ ತೆರ್ಸಿಗೆ ಕರೆದಾಗಿತ್ತು. ಜಪಮಾಲೆಯ ಹೊತ್ತು ತಪ್ಪಿಸುವ ಹಾಗಿಲ್ಲ.

ಮೊಂತಿ ಹಬ್ಬದ ಚರಿತ್ರೆ ಆ ಮನೆಯ ಮಕ್ಕಳಿಗೆ ಹೇಳಿಕೊಟ್ಟದ್ದೂ ಅಪ್ಪನೇ. ಮೊಂತಿ ಅಂದರೆ ಪೋರ್ಚುಗೀಸಿನಲ್ಲಿ ಗುಡ್ಡ. ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಫಾದರ್ ಜೋಕಿಂ ಮಿರಾಂಡ ಶುರು ಮಾಡಿದ್ದು ಅಂತ ಹೇಳುತ್ತಾರೆ. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, 1799ರಲ್ಲಿ ಅವನು ಸತ್ತ ಮೇಲೆ ಉಳಿದವರು ವಾಪಸ್ ಬಂದದ್ದು, ಎಲ್ಲ ಪರೀಕ್ಷೆಗೆ ಬರುವ ಹಾಗೆ ಪಾಠ. “ಇಗರ್ಜಿಯಲ್ಲಿ ಪಾದ್ರಿಗಳೂ ಇಷ್ಟು ಹೇಳುವುದಿಲ್ಲ ಮಾಷ್ಟ್ರೇ,” ಅನ್ನುತ್ತಿದ್ದರು ಪೊರ್ಬುಗಳು. ಅಪ್ಪನಿಗೆ ಅದು ಹೊಗಳಿಕೆಯೋ ದೂರೋ ಗೊತ್ತಾಗುತ್ತಿರಲಿಲ್ಲ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನಲ್ಲಿ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದ ದಿನ. ಹಬ್ಬ ಮುಗಿದು ವಾರ ಆಗಿರಲಿಲ್ಲ. ಸಂಜೆ ಅಪ್ಪ ಬೆಳಗಿನ ಪೇಪರ್ ಹಿಡಿದುಕೊಂಡು ಪೊರ್ಬುಗಳ ಜಗಲಿಯಲ್ಲಿ ಹೋಗಿ ಕೂತರು, ರಸ್ತೆಗೆ ಮುಖ ಮಾಡಿ. ಓದಿದ ಪೇಪರನ್ನೇ ಮತ್ತೆ ಓದಿದರು. ಮನೆಗೆ ಬಂದದ್ದು ರಾತ್ರಿ ಹನ್ನೊಂದಕ್ಕೆ. ಆ ಬಗ್ಗೆ ಎರಡೂ ಮನೆಯವರು ಆಮೇಲೆ ಮಾತಾಡಿದ್ದು ನಾನು ಕೇಳಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವಾಗ ಅಪ್ಪ ಹೋದರು. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕು, ಬೊಜ್ಜ, ಅಂದರೆ ಉತ್ತರಕ್ರಿಯೆ, ಬೇಡ ಅಂತ ಬರೆದಿಟ್ಟಿದ್ದರು. ಕೋವೂರರೂ ಹಾಗೇ ಮಾಡಿದ್ದು. ನಮ್ಮ ಸಂಬಂಧಿಕರು ಮಾಡಿದ ಗಲಾಟೆ ಬೇರೆಯೇ ಕಥೆ, ಅದನ್ನು ಬಿಡುತ್ತೇನೆ. ನಂಬುವವರಿಗಿಂತ ಜಾಸ್ತಿ ತೊಂದರೆ ಕೊಡುವವರು ಜನ ಏನಂತಾರೆ ಅನ್ನುವವರು. ಇಷ್ಟು ಮಾತ್ರ ಹೇಳಬಲ್ಲೆ.

ಬಾಯಮ್ಮನ ಚಿಂತೆ ಮಾತ್ರ ನಿಜವಾದ ಚಿಂತೆ. ಹೂಳದಿದ್ದರೆ, ಲೋಕದ ಕೊನೆಯ ದಿನ ಸತ್ತವರೆಲ್ಲ ಏಳುವಾಗ ಮಾಷ್ಟ್ರು ಎದ್ದು ಬರುವುದು ಹೇಗೆ? ಅವರು ಅದನ್ನು ನನ್ನ ಹತ್ತಿರ ಕೇಳಲಿಲ್ಲ, ನೇರ ಪಾದ್ರಿಗಳ ಹತ್ತಿರ ಹೋಗಿ ಕೇಳಿದರು. ದೇಹದಾನಕ್ಕೆ ಸಭೆಯ ಅಡ್ಡಿ ಇಲ್ಲ, ಸುಡುವುದಕ್ಕೂ 1963ರಿಂದ ಅನುಮತಿ ಉಂಟು, ದೇವರಿಗೆ ಎಬ್ಬಿಸಲು ಗೊತ್ತು ಅಂದರಂತೆ ಅವರು. ಇನ್ನೂ ಒಂದು ಮಾತು ಹೇಳಿದರಂತೆ. ನಂಬದವರು ಹುಟ್ಟುವುದರಲ್ಲಿ ನಂಬುವವರ ತಪ್ಪಿನ ಪಾಲೂ ಇರುತ್ತದೆ ಅಂತ ವ್ಯಾಟಿಕನ್ನಿನ ಮಹಾಸಭೆಯೇ 1965ರಲ್ಲಿ ಬರೆದಿಟ್ಟಿದೆಯಂತೆ. ಅದನ್ನು ನನಗೆ ಹೇಳುವಾಗ ಬಾಯಮ್ಮನ ಮುಖದಲ್ಲಿ ಅನುಮಾನ. “ನಾವೆಂತ ತಪ್ಪು ಮಾಡಿದ್ದು ಮಗಾ ಮಾಷ್ಟ್ರಿಗೆ?”

ಕಾಲೇಜಿನ ಆಂಬ್ಯುಲೆನ್ಸ್ ಬಂದಾಗ ಪೊರ್ಬುಗಳು ಅಂಗಳದಲ್ಲಿ ಟೊಪ್ಪಿ ತೆಗೆದು ನಿಂತಿದ್ದರು. ಶಿಲುಬೆ ಗುರುತು ಮಾಡಲು ಕೈ ಹಣೆಯವರೆಗೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತು ಕೆಳಗೆ ಬಂತು. ಅಮ್ಮನ ಹತ್ತಿರ ಹೋಗಿ, “ತೆರ್ಸ್ ನಾವು ನಮ್ಮ ಮನೆಯಲ್ಲೇ ಮಾಡ್ತೇವೆ. ಇಲ್ಲಿ ಬೇಡ, ಅವರಿಗೆ ಸರಿ ಆಗುವುದಿಲ್ಲ,” ಅಂದರು. ಏಳು ದಿನ ಸಂಜೆ ಪಕ್ಕದ ಮನೆಯಿಂದ ಕೇಳಿಸುತ್ತಿತ್ತು. ಅಮ್ಮ ಟಿವಿ ಸಣ್ಣ ಮಾಡುತ್ತಿದ್ದರು.

ಈ ವರ್ಷ ಜೂನ್‌ನಲ್ಲಿ ಬೀಜ ಹಾಕಲು ನನಗೆ ನೆನಪೇ ಆಗಲಿಲ್ಲ. ಆದರೂ ಉದುರಿದ ಬೀಜದಿಂದಲೇ ಒಂದಷ್ಟು ಗಿಡ ಎದ್ದಿದ್ದವು, ಒಂಬತ್ತು ದಿನಕ್ಕೆ ಹೇಗೋ ಸಾಕಾಯಿತು. ಹಬ್ಬದ ದಿನ ಅಮ್ಮ, ನಾನು ಇಬ್ಬರೇ ಹೋದೆವು. ಪೊರ್ಬುಗಳ ಕೈ ಈಗ ನಡುಗುತ್ತದೆ. ತೆನೆಯ ಕಾಳು ಬಿಡಿಸಲು ಮೊಮ್ಮಗಳು ಕೂತಿದ್ದಳು.

ಅವರು ಅಭ್ಯಾಸದಂತೆ ಲೋಟ ತೆಗೆದರು. ಸೌಟು ಎತ್ತಿದವರು ನಿಲ್ಲಿಸಿ, ನನ್ನ ಕಡೆ ತಿರುಗಿದರು.

“ನಿನ್ನ ಅಪ್ಪನದ್ದು ನನಗೆ ಗೊತ್ತಿತ್ತು. ನಿನ್ನದ್ದು ಎಂತ ಅಂತ ಇಷ್ಟು ವರ್ಷ ಕೇಳಲೇ ಇಲ್ಲ ನೋಡು. ನಿನಗೆ ಯಾವುದು ಮಗಾ?”

ಅಮ್ಮ ನನ್ನನ್ನೇ ನೋಡಿದರು.

“ಅಪ್ಪನಿಗೆ ಕೊಡುತ್ತಿದ್ದದ್ದೇ,” ಅಂದೆ.

ಅವರು ತಲೆಯಾಡಿಸಿ, ಚೆಲ್ಲದ ಹಾಗೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರು. ಲೋಟವನ್ನು ನನ್ನ ಎಲೆಯ ಪಕ್ಕ ಇಟ್ಟು, ಆಲ್ತಾರಿನ ಕಡೆ ತಿರುಗಿದರು. ಎಲ್ಲರೂ ಎದ್ದು ನಿಂತೆವು. ಪ್ರಾರ್ಥನೆ ಈ ಸಲ ಉದ್ದ ಇತ್ತು. ಮುಗಿಯುವಷ್ಟರಲ್ಲಿ ಲೋಟದ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು.